345 ತೋರಿಸಿದ ಗನ್ ಪಾಸ್, ಆದರೂ ಕತ್ತಿಗೆ ಬಾಸುಂಡೆ: ಏರ್‌ಸಾಫ್ಟ್ ಪವರ್ ಸರಿಯಾಗಿ ಅಳೆಯುವುದು ಹೇಗೆ?

ಗುರಿತಪ್ಪಿದವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಹತ್ತು ಹನ್ನೆರಡು ಜನ ಸೇರಿ ಏರ್‌ಸಾಫ್ಟ್ ಆಡುತ್ತೇವೆ, ಅಂದರೆ ಸಣ್ಣ ಪ್ಲಾಸ್ಟಿಕ್ ಗುಂಡು (ಬಿಬಿ) ಹೊಡೆಯುವ ಗನ್‌ಗಳ ಯುದ್ಧದಾಟ. ಕ್ರೋನೋ (ಗುಂಡಿನ ವೇಗ ಅಳೆಯುವ ಯಂತ್ರ) ಟೇಬಲ್ ಈ ಸಲ ನನ್ನ ತಲೆಗೆ ಬಂತು. ಯಾಕಂದ್ರೆ ಕ್ರೋನೋ ಕೊಂಡವನು ನಾನೇ. ನಮ್ಮ ನಿಯಮ ಸುಲಭ: 0.20 ಗ್ರಾಂ ಬಿಬಿ ಹಾಕಿ ಹೊಡೆದಾಗ 350 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ) ದಾಟಬಾರದು, ಪ್ರತಿ ಹೊಡೆತಕ್ಕೂ ಕೈಯಿಂದ ಎಳೆಯಬೇಕಾದ ಬೋಲ್ಟ್ ಆಕ್ಷನ್‌ಗೆ 450. ಒಂದು ಶಾಟ್‌ಗನ್ ಬಿಟ್ಟು ಎಲ್ಲರ ಗನ್ನೂ ಅಳೆದೆ, ಎಲ್ಲವೂ ಪಾಸ್. ಒಬ್ಬನ ಗ್ಯಾಸ್ ಬ್ಲೋಬ್ಯಾಕ್ (ಗ್ಯಾಸ್ ಒತ್ತಡದಲ್ಲಿ ಹೊಡೆಯುವ) ರೈಫಲ್ 345 ತೋರಿಸಿತು. ಅದೂ ಪಾಸ್.

ಆಟ ಶುರುವಾಗಿ ಅರ್ಧ ಗಂಟೆಯಲ್ಲಿ ಅದೇ ರೈಫಲ್‌ನಿಂದ ನನ್ನ ಕತ್ತಿನ ಹಿಂದೆ ಒಂದು ಬಿತ್ತು ನೋಡಿ. ದೂರದಿಂದಲೇ ಬಿದ್ದದ್ದು, ಆದರೂ ಬಾಸುಂಡೆ ಎದ್ದಿತು. ಆಟ ಮುಗಿದ ಮೇಲೆ ವಿಚಾರಿಸಿದರೆ ಅವನು ಆಡುತ್ತಿದ್ದದ್ದು 0.36 ಗ್ರಾಂ ಬಿಬಿಯಲ್ಲಿ. ಅದೇ ಬಿಬಿ ಹಾಕಿ ಮತ್ತೆ ಅಳೆದೆವು, 305 ಬಂತು. "ನೋಡು, ಇನ್ನೂ ಕಮ್ಮಿಯೇ ಬಂತಲ್ಲ" ಅಂದ. ನನಗೂ ಏನು ಹೇಳಬೇಕೋ ತೋಚಲಿಲ್ಲ. ನಂಬರ್ ಕಮ್ಮಿ, ನೋವು ಜಾಸ್ತಿ. ಇದು ಹೇಗೆ?

ಇನ್ನೂ ಎರಡು ತಲೆನೋವು ಇವೆ. ಮೂರು ಬ್ಯಾರೆಲ್‌ನ ಶಾಟ್‌ಗನ್ ಒಮ್ಮೆ 900 ತೋರಿಸುತ್ತದೆ, ಇನ್ನೊಮ್ಮೆ ಎರರ್. ಮತ್ತೆ, ಗೋಡೆ ಕಡೆ ಮುಖ ಮಾಡಿ ಅಳೆಯುತ್ತಿದ್ದಾಗ ಒಂದು ಬಿಬಿ ವಾಪಸ್ ಬಂದು ನನ್ನ ಕೆನ್ನೆಗೇ ಬಡಿಯಿತು. ಕನ್ನಡಕ ಹಾಕಿದ್ದೆ, ಬಚಾವ್. ಎಲ್ಲ ಗನ್‌ಗೂ ಒಂದೇ ವಿಧಾನ ಸಾಕಾ, ಅಥವಾ ಒಂದೊಂದಕ್ಕೂ ಬೇರೆ ಬೇರೆ ಇದೆಯಾ?

ಜೌಲ್‌ಲೆಕ್ಕಿಗ:

ನಿಮ್ಮ ಸ್ನೇಹಿತ ಸುಳ್ಳು ಹೇಳಿಲ್ಲ, ನಿಮ್ಮ ಕ್ರೋನೋ ಕೂಡ ಸುಳ್ಳು ಹೇಳಿಲ್ಲ. ತಪ್ಪಿರುವುದು ನಿಯಮದಲ್ಲಿ. ಎಫ್‌ಪಿಎಸ್ ಅಂದರೆ ಬರೀ ವೇಗ. ಮೈಗೆ ಬೀಳುವ ಪೆಟ್ಟಿಗೆ ತೂಕವೂ ಸೇರುತ್ತದೆ ಅಲ್ವಾ.

ಲೆಕ್ಕ ಕಷ್ಟ ಇಲ್ಲ. ಎಫ್‌ಪಿಎಸ್ ಅನ್ನು 0.3048ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ. ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಬಿಬಿಯ ಗ್ರಾಂ ತೂಕದಿಂದ ಗುಣಿಸಿ, 2000ರಿಂದ ಭಾಗಿಸಿ. ಬರುವುದು ಜೌಲ್. 0.20 ಗ್ರಾಂ ಬಿಬಿ ಸೆಕೆಂಡಿಗೆ 100 ಮೀಟರ್ ಹೋದರೆ, ಅಂದರೆ 328 ಎಫ್‌ಪಿಎಸ್, ಸರಿಯಾಗಿ 1 ಜೌಲ್. ಇದೊಂದು ನೆನಪಿದ್ದರೆ ಮಿಕ್ಕಿದ್ದು ಅಂದಾಜಿಗೆ ಸಿಗುತ್ತದೆ.

ಈಗ ನಿಮ್ಮ ಗ್ಯಾಸ್ ರೈಫಲ್‌ಗೆ ಬನ್ನಿ. 0.20ರಲ್ಲಿ 345 ಅಂದರೆ 1.11 ಜೌಲ್. 0.36ರಲ್ಲಿ 305 ಅಂದರೆ 1.56 ಜೌಲ್. ಅದೇ ಗನ್, ಅದೇ ದಿನ, ಸುಮಾರು 40 ಪರ್ಸೆಂಟ್ ಜಾಸ್ತಿ. ನಿಮ್ಮ 350ರ ಮಿತಿ ಜೌಲ್‌ನಲ್ಲಿ 1.14. ಆ ಮಿತಿಯೊಳಗೆ ಇರಬೇಕಾದರೆ 0.36 ಬಿಬಿ 261 ಎಫ್‌ಪಿಎಸ್ ದಾಟಬಾರದಿತ್ತು. 305 ಎಲ್ಲಿ, 261 ಎಲ್ಲಿ.

ಇದಕ್ಕೆ ಆಟಗಾರರು ಜೌಲ್ ಕ್ರೀಪ್ ಅನ್ನುತ್ತಾರೆ. ಭಾರದ ಬಿಬಿ ಬ್ಯಾರೆಲ್‌ನಿಂದ ನಿಧಾನವಾಗಿ ಹೊರಡುತ್ತದೆ. ಅಷ್ಟು ಹೊತ್ತೂ ಹಿಂದಿನಿಂದ ಗ್ಯಾಸ್ ತಳ್ಳುತ್ತಲೇ ಇರುತ್ತದೆ. ಹಗುರ ಬಿಬಿ ಆದರೆ ಗ್ಯಾಸ್ ಪೂರ್ತಿ ಕೆಲಸ ಮಾಡುವ ಮೊದಲೇ ಹೊರಗೆ ಹಾರಿರುತ್ತದೆ, ಮಿಕ್ಕ ಗ್ಯಾಸ್ ಸುಮ್ನೆ ಗಾಳಿಗೆ ಹೋಗುತ್ತದೆ. ಗ್ಯಾಸ್ ರೈಫಲ್, ಎಚ್‌ಪಿಎ (ಟ್ಯಾಂಕ್‌ನ ಹೆಚ್ಚು ಒತ್ತಡದ ಗಾಳಿಯಿಂದ ಹೊಡೆಯುವ ಗನ್) ಎರಡರಲ್ಲೂ ಇದು ಜೋರು.

ಆದ್ದರಿಂದ ನಿಯಮ ಹೀಗೆ ಬದಲಿಸಿ: ಮಿತಿ ಜೌಲ್‌ನಲ್ಲಿ ಇರಲಿ, ಅಳತೆ ಆಡುವ ಬಿಬಿಯಲ್ಲೇ ಆಗಲಿ. ಬ್ರಿಟನ್‌ನಲ್ಲಿ 2017ರ ಕಾಯ್ದೆ ಕೂಡ ಏರ್‌ಸಾಫ್ಟ್ ಮಿತಿಯನ್ನು ಜೌಲ್‌ನಲ್ಲೇ ಹೇಳುತ್ತದೆ, ಒತ್ತಿ ಹಿಡಿದರೆ ಹೊಡೆಯುತ್ತಲೇ ಇರುವ ಆಟೋ ಗನ್‌ಗೆ 1.3, ಒಂದೊಂದೇ ಹೊಡೆಯುವುದಕ್ಕೆ 2.5. ಎಫ್‌ಪಿಎಸ್ ಮಾತೇ ಇಲ್ಲ.

ಗೇರ್‌ಬಾಕ್ಸ್ ಬಿಚ್ಚಿಟ್ಟವ:

ಮೇಲಿನವರು ಹೇಳಿದ್ದು ಗ್ಯಾಸ್‌ಗೆ ನೂರಕ್ಕೆ ನೂರು ಸರಿ. ಆದರೆ ಎಲ್ಲ ಗನ್ನೂ ಕ್ರೀಪ್ ಆಗುತ್ತದೆ ಅಂತ ತಿಳಿಯಬೇಡಿ. ಎಇಜಿ, ಅಂದರೆ ಬ್ಯಾಟರಿ ಮೋಟರ್ ಸ್ಪ್ರಿಂಗ್ ಎಳೆದು ಗಾಳಿ ತಳ್ಳುವ ಗನ್‌ನಲ್ಲಿ, ಸಿಲಿಂಡರ್‌ನಲ್ಲಿ ಇರುವಷ್ಟೇ ಗಾಳಿ, ಅದು ಮುಗಿದರೆ ಮುಗಿಯಿತು. ಪಕ್ಕದಲ್ಲಿ ತೂತು ಇರುವ ಸಣ್ಣ ಸಿಲಿಂಡರ್ ಹಾಕಿ ಉದ್ದ ಬ್ಯಾರೆಲ್ ಕೂರಿಸಿದ ಒಂದು ಗನ್ ನನ್ನ ಹತ್ತಿರ ಇದೆ. 0.20ರಲ್ಲಿ 355, ಅಂದರೆ 1.17 ಜೌಲ್. 0.30ರಲ್ಲಿ 275, ಅಂದರೆ 1.05. ಇಳಿಯಿತು! ಅದೇ ಪೂರ್ತಿ ಸಿಲಿಂಡರ್ ಹಾಕಿ ಬ್ಯಾರೆಲ್ ಗಿಡ್ಡ ಮಾಡಿದರೆ ಕ್ರೀಪ್ ಕಾಣಿಸುತ್ತದೆ. ಸ್ಪ್ರಿಂಗ್ ಬೋಲ್ಟ್ ಆಕ್ಷನ್‌ಗೂ ಇದೇ ಕಥೆ. ಅದರ ಸಿಲಿಂಡರ್ ದೊಡ್ಡದು, ಹಾಗಾಗಿ ಭಾರದ ಬಿಬಿಯಲ್ಲಿ ಸ್ವಲ್ಪ ಏರುವುದೇ ಹೆಚ್ಚು. ಗನ್ ಜಾತಿ ನೋಡಿ ಊಹೆ ಮಾಡಬೇಡಿ, ಅಳೆಯಿರಿ.

ಸ್ಪ್ರಿಂಗ್ ಮೇಲಿನ ನಂಬರ್ ನಂಬಿ ಕೂರುವವರೂ ಇದ್ದಾರೆ. ಎಂ100 ಅಂದರೆ 0.20 ಬಿಬಿಯಲ್ಲಿ ಸೆಕೆಂಡಿಗೆ ಸುಮಾರು 100 ಮೀಟರ್, ಎಂ120 ಅಂದರೆ ಸುಮಾರು 120 ಅನ್ನುವ ಲೆಕ್ಕ. ಹೊಸದಾಗಿ ಹಾಕಿದ ಸ್ಪ್ರಿಂಗ್, ನಾಝಲ್ ಸೀಲ್, ಬ್ಯಾರೆಲ್ ಇವೆಲ್ಲ ಸೇರಿ ಅದು ಆಚೆ ಈಚೆ ಆಗುತ್ತದೆ. ಪ್ಯಾಕೆಟ್ ಮೇಲೆ ಬರೆದದ್ದನ್ನು ಕ್ರೋನೋ ಓದುವುದಿಲ್ಲ.

ಈಗ ನಾನೇ ಬಿದ್ದ ಒಂದು ಗುಂಡಿ ಹೇಳುತ್ತೇನೆ. ಒಂದು ಸಲ ಕ್ರೋನೋ ಟೇಬಲ್‌ನಲ್ಲಿ 0.30 ಮ್ಯಾಗ್ (ಬಿಬಿ ತುಂಬುವ ಮ್ಯಾಗಜೀನ್) ತೆಗೆದು 0.20 ಮ್ಯಾಗ್ ಹಾಕಿದೆ. ಟಕ್, 285. ಟಕ್, 286. ಚೆನ್ನಾಗಿದೆ ಅಂತ ಗನ್ ಕೆಳಗಿಟ್ಟೆ. ಪಕ್ಕದಲ್ಲಿದ್ದವರು "ಇನ್ನೊಂದು ಹೊಡಿ" ಅಂದರು. ಹೊಡೆದೆ, 351! ಏನಾಗಿತ್ತು ಅಂದರೆ, ಎಇಜಿಯಲ್ಲಿ ಮ್ಯಾಗ್ ತೆಗೆದರೂ ಹಾಪ್‌ಅಪ್ (ಬಿಬಿಗೆ ಹಿಂದಕ್ಕೆ ಸುತ್ತು ಕೊಟ್ಟು ದೂರ ಕಳಿಸುವ ರಬ್ಬರ್) ದಾರಿಯಲ್ಲಿ ಒಂದೆರಡು ಹಳೆಯ ಬಿಬಿ ಉಳಿದುಬಿಡುತ್ತವೆ. ಮೊದಲ ಎರಡು ಹೊಡೆತ ಹಳೆಯ 0.30ರದ್ದು. ಅಂದರೆ ನಾನು ಮಿತಿ ದಾಟಿದ ಗನ್ ಹಿಡಿದು "ಪಾಸ್" ಅಂತ ಹೊರಟಿದ್ದೆ. ಬೇಕಂತ ಮೋಸ ಮಾಡುವವನಿಗೆ ಇದೇ ದಾರಿ ಅನ್ನುವುದೂ ಅವತ್ತೇ ಗೊತ್ತಾಯಿತು.

ಹಾಗಾಗಿ ಬಿಬಿ ಬದಲಿಸಿದ ಮೇಲೆ ಮೊದಲು ನಾಲ್ಕೈದು ಹೊಡೆತ ಲೆಕ್ಕಕ್ಕೆ ಇಲ್ಲದೆ ಡಬ್ಬಿಗೆ ಹೊಡೆಯಿರಿ. ಆಮೇಲೆ ಐದು ಹೊಡೆತ ಅಳೆಯಿರಿ. ಸರಾಸರಿಗಿಂತ ಎಲ್ಲಕ್ಕಿಂತ ಜಾಸ್ತಿ ಬಂದದ್ದನ್ನು ನೋಡಿ. ಕತ್ತಿಗೆ ಬೀಳುವುದು ಸರಾಸರಿ ಬಿಬಿ ಅಲ್ಲ.

ಗುರಿತಪ್ಪಿದವ:

ಗುರುಗಳೇ ಇಬ್ಬರಿಗೂ ಥ್ಯಾಂಕ್ಸ್. ಒಂದು ಡೌಟು. ನನ್ನ ಕ್ರೋನೋ ಜೌಲ್ ಕೂಡ ತೋರಿಸುತ್ತದೆ. ನಾನು ಅದನ್ನೇ ನೋಡಬಹುದಲ್ಲ? 0.36 ಹಾಕಿದಾಗ 0.86 ಜೌಲ್ ಅಂತ ತೋರಿಸಿತ್ತು, ಅದಕ್ಕೇ ಇನ್ನೂ ಗೊಂದಲ ಆದದ್ದು.

ಜೌಲ್‌ಲೆಕ್ಕಿಗ:

ಕ್ರೋನೋಗೆ ತೂಕ ಗೊತ್ತಾಗುವುದಿಲ್ಲ ಮಾರಾಯರೇ. ನೀವು ಸೆಟ್ಟಿಂಗ್‌ನಲ್ಲಿ 0.20 ಅಂತ ಬಿಟ್ಟಿದ್ದೀರಿ, ಅದು 305ನ್ನು 0.20ರ ಲೆಕ್ಕದಲ್ಲಿ ಗುಣಿಸಿ 0.86 ಅಂದಿತು. ವೇಗ ಸರಿ, ಜೌಲ್ ತಪ್ಪು. ಬಿಬಿ ಬದಲಿಸಿದಾಗ ಸೆಟ್ಟಿಂಗ್ ಕೂಡ ಬದಲಿಸಿ.

ಆಟಗಾರ "0.28 ಹಾಕಿದ್ದೇನೆ" ಅಂದರೆ ನಂಬಿಬಿಡಬೇಡಿ, ಅವನಿಗೇ ಮರೆತಿರಬಹುದು. ಬಂಗಾರ ತೂಗುವಂಥ ಸಣ್ಣ ತಕ್ಕಡಿ ಇದ್ದರೆ ಅವನ ಮ್ಯಾಗ್‌ನಿಂದ 100 ಬಿಬಿ ಎಣಿಸಿ ತೂಗಿ. 28 ಗ್ರಾಂ ಬರಬೇಕು. 36 ಬಂದರೆ ಗೊತ್ತಾಯಿತಲ್ಲ.

ಗ್ಯಾಸ್‌ಪ್ರಿಯ:

ಗ್ಯಾಸ್ ಗನ್ ಬಗ್ಗೆ ಯಾರೂ ಮುಖ್ಯ ಮಾತು ಹೇಳಲಿಲ್ಲ. ಬಿಸಿ!

ಈ ಗನ್‌ಗಳಿಗೆ ತುಂಬುವ ಗ್ರೀನ್ ಗ್ಯಾಸ್ ಅಂದರೆ ಬಹುಪಾಲು ಪ್ರೊಪೇನ್, ಅದಕ್ಕೆ ಸ್ವಲ್ಪ ಸಿಲಿಕೋನ್ ಎಣ್ಣೆ ಬೆರೆಸಿರುತ್ತಾರೆ. ಮ್ಯಾಗ್ ಒಳಗೆ ಅದು ನೀರಿನ ಹಾಗೆ ದ್ರವವಾಗಿ ಇರುತ್ತದೆ, ಒತ್ತಡ ಎಷ್ಟು ಅನ್ನುವುದು ಮ್ಯಾಗ್ ಎಷ್ಟು ಬೆಚ್ಚಗಿದೆ ಅನ್ನುವುದರ ಮೇಲೆ. ಪ್ರೊಪೇನ್ ಒತ್ತಡ 0 ಡಿಗ್ರಿಯಲ್ಲಿ ಸುಮಾರು 4.7 ಬಾರ್, 20 ಡಿಗ್ರಿಯಲ್ಲಿ 8.4ರ ಹತ್ತಿರ, 30 ಡಿಗ್ರಿಯಲ್ಲಿ 10.8ರ ಹತ್ತಿರ. ಬೆಳಿಗ್ಗೆ ತಣ್ಣಗಿರುವಾಗ ಪಾಸ್ ಆದ ಗನ್ ಮಧ್ಯಾಹ್ನ ಬಿಸಿಲಲ್ಲಿ ಬೇರೆಯದೇ ಗನ್. ಸಿಒ2 ಇನ್ನೂ ಮೇಲೆ, 20 ಡಿಗ್ರಿಗೇ 57 ಬಾರ್ ಆಸುಪಾಸು, ಅದೂ ಬಿಸಿಗೆ ಏರುತ್ತದೆ. ಆದ್ದರಿಂದ ಗ್ಯಾಸ್ ಗನ್‌ಗಳನ್ನು ದಿನಕ್ಕೆ ಎರಡು ಸಲ ಅಳೆಯಿರಿ. ಬಿಸಿಲು ಏರಿದ ಮೇಲೆ ಒಮ್ಮೆ ಖಂಡಿತ.

ಇನ್ನೊಂದು ಕಡೆಯಿಂದಲೂ ಇದು ಮೋಸ ಮಾಡುತ್ತದೆ. ಗ್ಯಾಸ್ ಪಿಸ್ತೂಲನ್ನು ಟಕಟಕ ಅಂತ ಹತ್ತು ಸಲ ಹೊಡೆದು ನೋಡಿ, ಮ್ಯಾಗ್ ಕೈಗೆ ತಣ್ಣಗೆ ಹತ್ತುತ್ತದೆ. ದ್ರವ ಆವಿಯಾಗುವಾಗ ಬಿಸಿ ಎಳೆದುಕೊಳ್ಳುತ್ತದೆ. ಮೊದಲ ಹೊಡೆತ 310 ಇದ್ದದ್ದು ಹತ್ತನೆಯದಕ್ಕೆ 280 ಆಗಿರುತ್ತದೆ. ಯಾರಾದರೂ ಟೇಬಲ್‌ಗೆ ಬರುವ ಮುಂಚೆ ಆಚೆ ನಿಂತು ಸುಮ್ನೆ ಗಾಳಿಗೆ ಹೊಡೆದು ಹೊಡೆದು ಬಂದರೆ ಅರ್ಥ ಮಾಡಿಕೊಳ್ಳಿ. ಮ್ಯಾಗ್ ತುಂಬಿಸಿ, ಐದು ನಿಮಿಷ ಬಿಟ್ಟು, ಹೊಡೆತದ ನಡುವೆ ಹತ್ತು ಸೆಕೆಂಡ್ ಬಿಟ್ಟು ಅಳೆಯಿರಿ.

ಎಚ್‌ಪಿಎ ವಿಷಯ ಬೇರೆ. ಅಲ್ಲಿ ಬಿಸಿಗಿಂತ ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರ್ ಗುಂಡಿಯೇ ಸಮಸ್ಯೆ. ಪವರ್ ಏರಿಸುವುದಕ್ಕೆ ಗನ್ ಬಿಚ್ಚಬೇಕಾಗಿಲ್ಲ, ಗುಂಡಿ ಒಂದಿಷ್ಟು ತಿರುಗಿಸಿದರೆ ಆಯಿತು. ಅದನ್ನು ತಿರುಗಿಸಲು ಆಗದ ಹಾಗೆ ಲಾಕ್ ಬರುತ್ತದೆ. ಲಾಕ್ ಹಾಕಿದ ಮೇಲೆ ಅಳೆಯಿರಿ, ಅಳೆದ ಮೇಲೆ ಲಾಕ್ ಹಾಕುವುದಲ್ಲ. ಲಾಕ್ ಇಲ್ಲದ ಎಚ್‌ಪಿಎ ಆಟಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ, ಬೈಯುವವರು ಬೈಯಲಿ.

ಶಾಟ್‌ಗನ್ 900 ತೋರಿಸುವುದು ಯಾಕೆ ಅಂದರೆ, ಕ್ರೋನೋ ಒಳಗೆ ಎರಡು ಬೆಳಕಿನ ಗೆರೆ ಇರುತ್ತವೆ. ಮೊದಲ ಗೆರೆ ದಾಟಿದಾಗ ಗಡಿಯಾರ ಶುರು, ಎರಡನೆಯದು ದಾಟಿದಾಗ ನಿಲ್ಲುತ್ತದೆ. ಎರಡರ ನಡುವೆ 5 ಸೆಂಟಿಮೀಟರ್ ಇದ್ದರೆ 100 ಮೀಟರ್ ವೇಗದ ಬಿಬಿಗೆ ಬೇಕಾಗುವುದು ಅರ್ಧ ಮಿಲಿಸೆಕೆಂಡ್. ಮೂರು ಬಿಬಿ ಒಟ್ಟಿಗೆ ನುಗ್ಗಿದರೆ ಒಂದು ಶುರು ಮಾಡಿದ ಗಡಿಯಾರವನ್ನು ಇನ್ನೊಂದು ನಿಲ್ಲಿಸುತ್ತದೆ. ಆಗ 900 ಬಂದರೂ ಬಂತು, 90 ಬಂದರೂ ಬಂತು. ಪ್ರತಿ ಬ್ಯಾರೆಲ್‌ಗೆ ಬೇರೆ ಸಿಲಿಂಡರ್ ಇರುವ ಸ್ಪ್ರಿಂಗ್ ಶಾಟ್‌ಗನ್ ಆದರೆ ಒಂದೇ ಬಿಬಿ ಹೋಗುವ ಹಾಗೆ ಮಾಡಿ ಅಳೆಯಬಹುದು. ಒಂದೇ ಗ್ಯಾಸ್ ಮೂರಕ್ಕೂ ಹಂಚಿಹೋಗುವ ಗನ್ ಆದರೆ ಹಾಗೆ ಮಾಡಬೇಡಿ. ಖಾಲಿ ಬ್ಯಾರೆಲ್‌ಗಳಿಂದ ಗ್ಯಾಸ್ ಸೋರಿ ನಂಬರ್ ಸುಳ್ಳುಸುಳ್ಳೇ ಕಮ್ಮಿ ಬರುತ್ತದೆ. ಅದಕ್ಕೆ ಹತ್ತಿಪ್ಪತ್ತು ಹೊಡೆತ ಹೊಡೆದು, ಹುಚ್ಚು ನಂಬರ್‌ಗಳನ್ನು ಬಿಟ್ಟು, ಮತ್ತೆ ಮತ್ತೆ ಹತ್ತಿರ ಹತ್ತಿರ ಬರುವ ನಂಬರ್ ಯಾವುದು ಅಂತ ನೋಡುವುದು ಬಿಟ್ಟು ಬೇರೆ ಚೆಂದದ ದಾರಿ ನನಗೆ ಸಿಕ್ಕಿಲ್ಲ.

ನಿಧಾನಿ:

ಹಾಪ್‌ಅಪ್ ಪೂರ್ತಿ ಆಫ್ ಮಾಡಿ ಅಳೆಯಿರಿ. ಅದನ್ನು ಯಾರೂ ಹೇಳಲಿಲ್ಲ.

ಗೇರ್‌ಬಾಕ್ಸ್ ಬಿಚ್ಚಿಟ್ಟವ:

ನಾನು ಒಪ್ಪುವುದಿಲ್ಲ. ಹಾಪ್‌ಅಪ್ ಆಫ್ ಮಾಡಿ ಯಾರೂ ಆಡುವುದಿಲ್ಲ. ಆಡುವಾಗ ಹೇಗೆ ಇರುತ್ತದೋ ಹಾಗೇ ಅಳೆಯಬೇಕು. ಕೆಲವು ಗನ್‌ಗಳಲ್ಲಿ ರಬ್ಬರ್ ಸ್ವಲ್ಪ ಒತ್ತಿದಾಗ ಗಾಳಿ ಸೀಲ್ ಚೆನ್ನಾಗಿ ಆಗಿ ವೇಗ ಏರುವುದೂ ಇದೆ.

ನಿಧಾನಿ:

ಸರಿ, ಆದರೆ ಹಾಪ್‌ಅಪ್ ಪೂರ್ತಿ ತಿರುಗಿಸಿಕೊಂಡು ಬಂದವನ ಗತಿ? ರಬ್ಬರ್ ಬಿಬಿಯನ್ನು ಹಿಡಿದು ನಿಲ್ಲಿಸುತ್ತದೆ, ನಂಬರ್ ಇಪ್ಪತ್ತು ಮೂವತ್ತು ಇಳಿಯುತ್ತದೆ. ಪಾಸ್ ಆಗಿ ಆಚೆ ಹೋಗಿ ಸರಿ ಮಾಡಿಕೊಳ್ಳುತ್ತಾನೆ. ಆಫ್ ಅಂದರೆ ಎಲ್ಲರಿಗೂ ಒಂದೇ.

ಗೇರ್‌ಬಾಕ್ಸ್ ಬಿಚ್ಚಿಟ್ಟವ:

ಹಾಗಾದರೆ ಎರಡೂ ಮಾಡೋಣ. ಒಮ್ಮೆ ಆಫ್, ಒಮ್ಮೆ ಬಿಬಿ ನೆಟ್ಟಗೆ ಹೋಗುವಂತೆ ಹೊಂದಿಸಿ. ಯಾವುದು ಜಾಸ್ತಿಯೋ ಅದು ಲೆಕ್ಕ. ಎರಡು ನಿಮಿಷ ಜಾಸ್ತಿ ಹೋಗುತ್ತದೆ ಅಷ್ಟೇ. ಪ್ರತಿ ಗನ್‌ಗೂ ಬೇಡ, ಅನುಮಾನ ಬಂದದ್ದಕ್ಕೆ ಮಾಡಿ.

ಕನ್ನಡಕದಜ್ಜ:

ಜೌಲ್, ಹಾಪ್‌ಅಪ್ ಅಂತ ಎಲ್ಲರೂ ಜಗಳ ಆಡಿದಿರಿ, ಅವರ ಕೆನ್ನೆಗೆ ಬಿದ್ದ ಬಿಬಿ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಆಡುವುದು ಕಮ್ಮಿ, ಟೇಬಲ್ ಹತ್ತಿರ ಕೂರುವುದೇ ಜಾಸ್ತಿ. ಅದಕ್ಕೇ ಹೇಳುತ್ತೇನೆ.

ಗೋಡೆ ಬೇಡ, ಹಲಗೆ ಬೇಡ, ತಗಡು ಬೇಡವೇ ಬೇಡ. ದೊಡ್ಡ ರಟ್ಟಿನ ಡಬ್ಬಿ ತಗೊಳ್ಳಿ, ಬಾಯಿ ನಿಮ್ಮ ಕಡೆ ಇರಲಿ. ಒಳಗೆ ಮೇಲಿನ ಅಂಚಿನಿಂದ ಒಂದು ಹಳೆಯ ಟವೆಲ್ ಇಳಿಬಿಡಿ. ಕೆಳಗೆ ಕಟ್ಟಬಾರದು, ಸಡಿಲವಾಗಿ ನೇತಾಡುತ್ತಿರಬೇಕು. ಅದರ ಹಿಂದೆ ಹಳೆ ಬಟ್ಟೆ ತುರುಕಿ. ಬಿಬಿ ಬಡಿದಾಗ ಟವೆಲ್ ಹಿಂದಕ್ಕೆ ಸರಿಯುತ್ತದೆ, ಬಿಬಿಯ ಜೋರೆಲ್ಲ ಅಲ್ಲೇ ಹೋಗಿ ಟಪ್ ಅಂತ ಕೆಳಗೆ ಬೀಳುತ್ತದೆ. ಬಿಗಿಯಾಗಿ ಕಟ್ಟಿದ ಬಟ್ಟೆ ಅರ್ಧ ಗೋಡೆ ಇದ್ದ ಹಾಗೆ, ವಾಪಸ್ ಕಳಿಸುತ್ತದೆ. ಸಂಜೆ ಡಬ್ಬಿ ಕೆಳಗಿನ ಬಿಬಿ ಬಾಚಿ ತೆಗೆಯಿರಿ, ರಾಶಿ ಬಿದ್ದರೆ ಅದರ ಮೇಲೆ ಬಡಿದೂ ಹಾರುತ್ತವೆ. ಬಾಚಿದ್ದನ್ನು ಮತ್ತೆ ಗನ್‌ಗೆ ಹಾಕಬೇಡಿ.

ಕಣ್ಣು. ಟೇಬಲ್ ಹತ್ತಿರ ನಿಂತು ಹರಟೆ ಹೊಡೆಯುವವನಿಗೂ ಕನ್ನಡಕ ಕಡ್ಡಾಯ. ಓದುವ ಕನ್ನಡಕ, ತಂಪು ಕನ್ನಡಕ ನಡೆಯುವುದಿಲ್ಲ. ಇಎನ್ 166 (ಕಣ್ಣಿನ ರಕ್ಷಣೆಯ ಯುರೋಪಿನ ಮಾನದಂಡ) ಗುರುತು ನೋಡುವವರು ಅದರ ಪಕ್ಕದ ಅಕ್ಷರ ನೋಡಿ. ಎಫ್ ಅಂದರೆ 6 ಮಿಲಿಮೀಟರ್ ಸ್ಟೀಲ್ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೆ ತಡೆಯುತ್ತದೆ ಅಂತ, ಬಿ ಅಂದರೆ 120 ಮೀಟರ್. ನಾನು ಹಾಕುವುದು ಬಿ, ಮುಖಕ್ಕೆ ಸುತ್ತಲೂ ಕೂರುವಂಥದ್ದು. ಹಾಗೆ ಕೂರದಿದ್ದರೆ, ನಿಮ್ಮ ಕೆನ್ನೆಗೆ ಬಂದ ಹಾಗೆ ಬದಿಯಿಂದ ಬಂದದ್ದು ಸಂದಿಯಲ್ಲೇ ನುಗ್ಗುತ್ತದೆ.

ಇನ್ನೊಂದು. ಕೊಳವೆ ಥರದ ಕ್ರೋನೋದಲ್ಲಿ ನಂಬರ್ ಬಾರದಿದ್ದರೆ ಜನ ಏನು ಮಾಡುತ್ತಾರೆ ಗೊತ್ತಾ? ಬಗ್ಗಿ ಕೊಳವೆ ಒಳಗೆ ಕಣ್ಣಿಟ್ಟು ನೋಡುತ್ತಾರೆ! ಹಿಂದೆ ಗನ್ ಹಾಗೇ ಇರುತ್ತದೆ. ನಾನು ಒಬ್ಬರ ಕಾಲರ್ ಹಿಡಿದು ಎಳೆದಿದ್ದೇನೆ. ಅವರು ಸಿಟ್ಟು ಮಾಡಿಕೊಂಡರು, ಮಾಡಿಕೊಳ್ಳಲಿ. ಕ್ರೋನೋ ಮುಟ್ಟುವ ಮೊದಲು ಗನ್ ಕೆಳಗೆ, ಸೇಫ್ಟಿ ಆನ್, ಮ್ಯಾಗ್ ಆಚೆ. ಮ್ಯಾಗ್ ಆಚೆ ಇದ್ದ ಮಾತ್ರಕ್ಕೆ ಗನ್ ಖಾಲಿ ಅಲ್ಲ ಅನ್ನುವುದನ್ನು ಮೇಲೆ ಗೇರ್‌ಬಾಕ್ಸ್‌ನವರು ತಮ್ಮ ಕಥೆಯಲ್ಲೇ ಹೇಳಿದ್ದಾರೆ. ಆ ಎರಡು ಬಿಬಿ ನಂಬರ್ ಕೆಡಿಸಿದ್ದಷ್ಟೇ ಪುಣ್ಯ. ಅಳತೆ ಮುಗಿದ ಮೇಲೆ ಮ್ಯಾಗ್ ತೆಗೆದು ಡಬ್ಬಿಗೆ ಎರಡು ಮೂರು ಸಲ ಹೊಡೆದು ಖಾಲಿ ಮಾಡಿಸಿ, ಬ್ಯಾರೆಲ್‌ಗೆ ಚೀಲ ಹಾಕಿಸಿಯೇ ಕಳಿಸಿ. ಎಚ್‌ಪಿಎ ಆದರೆ ಪೈಪ್ ಬಿಡಿಸಿದ ಮೇಲೂ ಒಳಗೆ ಒಂದು ಹೊಡೆತಕ್ಕೆ ಆಗುವಷ್ಟು ಗಾಳಿ ಇರುತ್ತದೆ, ಅದನ್ನೂ ಡಬ್ಬಿಗೇ ಬಿಡಬೇಕು.

4.5 ಮಿಲಿಮೀಟರ್ ಸ್ಟೀಲ್ ಬಿಬಿ ಗನ್ ಯಾರಾದರೂ "ಇದನ್ನೂ ಒಮ್ಮೆ ನೋಡಿ" ಅಂತ ತಂದರೆ ಬೇಡ ಅನ್ನಿ. ಅದು ಏರ್‌ಸಾಫ್ಟೇ ಅಲ್ಲ. ಸ್ಟೀಲ್ ವಾಪಸ್ ಹಾರುವ ರೀತಿಯೇ ಬೇರೆ.

ಜೌಲ್‌ಲೆಕ್ಕಿಗ:

ಅಜ್ಜನ ಮಾತಿಗೆ ಎರಡು ಸಣ್ಣ ಸೇರ್ಪಡೆ. ಕ್ರೋನೋ ನೆರಳಲ್ಲಿ ಇಡಿ, ನೇರ ಬಿಸಿಲು ಒಳಗೆ ಬಿದ್ದರೆ ಸೆನ್ಸರ್ ಕಕ್ಕಾಬಿಕ್ಕಿ ಆಗುತ್ತದೆ. ಬ್ಯಾರೆಲ್ ಬಾಯಿ ಕ್ರೋನೋ ಹತ್ತಿರವೇ ಇರಲಿ, ನೆಟ್ಟಗಿರಲಿ. 0.20 ಬಿಬಿ ಗಾಳಿಯಲ್ಲಿ ಒಂದು ಮೀಟರ್ ಹೋಗುವಷ್ಟರಲ್ಲೇ ವೇಗದ 3-4 ಪರ್ಸೆಂಟ್ ಕಳೆದುಕೊಳ್ಳುತ್ತದೆ. ದೂರ ನಿಂತು ಹೊಡೆದವನಿಗೆ ಸುಮ್ನೆ ರಿಯಾಯಿತಿ ಕೊಟ್ಟಂತೆ.

ಬೋಲ್ಟ್ ಆಕ್ಷನ್‌ನವರಿಗೆ 450 ಅಂದರೆ 1.88 ಜೌಲ್. ಅವರು 0.40 ಹಾಕಿದರೆ 318 ಎಫ್‌ಪಿಎಸ್‌ಗೆ ಅದೇ ಮಿತಿ ಮುಟ್ಟುತ್ತದೆ. ಅವರಿಗೆ ಕನಿಷ್ಠ ದೂರವೂ ಇರಲಿ. ಹಲವು ಕಡೆ 20-30 ಮೀಟರ್ ಒಳಗಿದ್ದವರ ಮೇಲೆ ಹೊಡೆಯುವಂತಿಲ್ಲ.

ಗುರಿತಪ್ಪಿದವ:

ಭಾನುವಾರ ಎಲ್ಲ ಮಾಡಿ ನೋಡಿದೆ. ಟವೆಲ್ ಡಬ್ಬಿ ಸೂಪರ್, ಒಂದೂ ವಾಪಸ್ ಬರಲಿಲ್ಲ. ಮೊದಲು ಟವೆಲ್ ಕೆಳಗೆ ಪಿನ್ ಹಾಕಿದ್ದೆ, ಎರಡು ಹಾರಿದವು, ಆಮೇಲೆ ಅಜ್ಜನ ಮಾತು ನೆನಪಾಗಿ ಪಿನ್ ತೆಗೆದೆ.

ಆಡುವ ಬಿಬಿಯಲ್ಲೇ ಅಳೆದೆ, ಮಿತಿ 1.14 ಜೌಲ್. ಎಇಜಿಗಳಲ್ಲಿ ಒಂದು ಮಾತ್ರ ಮೇಲೆ ಹೋಯಿತು, 0.28ರಲ್ಲಿ 320, ಅಂದರೆ 1.33. ಅವನು ಹೋದ ತಿಂಗಳು ಬ್ಯಾರೆಲ್ ಗಿಡ್ಡ ಮಾಡಿಸಿದ್ದನಂತೆ, 0.20ರಲ್ಲಿ ಪಾಸ್ ಆಗುತ್ತಿತ್ತು. ಗ್ಯಾಸ್ ರೈಫಲ್‌ನವನು ನಾಝಲ್ ವಾಲ್ವ್ ಸ್ಕ್ರೂ ತಿರುಗಿಸಿ ತಿರುಗಿಸಿ 0.36ರಲ್ಲಿ 258ಕ್ಕೆ ತಂದ, 1.11 ಜೌಲ್. ಮಧ್ಯಾಹ್ನ ಮತ್ತೆ ಅಳೆದಾಗ 269, ಮಿತಿ ದಾಟಿತ್ತು. ಮತ್ತೆ ಸ್ಕ್ರೂಡ್ರೈವರ್ ಹಿಡಿದು ಕೂತ. ಮುಖ ಊದಿಸಿಕೊಂಡಿದ್ದ, ಆದರೆ ಜಗಳ ಮಾಡಲಿಲ್ಲ.

ಶಾಟ್‌ಗನ್‌ನವರು ಈ ವಾರ ಬಂದಿರಲಿಲ್ಲ. ಬಂದಾಗ ಬಿಚ್ಚಿ ನೋಡಿ ಒಳಗೆ ಒಂದು ಸಿಲಿಂಡರ್ ಇದೆಯೋ ಮೂರು ಇದೆಯೋ ಇಲ್ಲೇ ಬರೆಯುತ್ತೇನೆ.